ರತಿಯ ಕಣ್ಣೀರಿಗೆ ಬಹುಮಾನ

ನಮ್ಮ ಓಣಿಯ ನಾಗರಿಕ ಸಮಿತಿಯ ಹೆಸರು ತೆಗೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅವರ ಬೋರ್ಡು ನಮ್ಮ ಮನೆಯ ಎದುರಿನ ಕಂಬಕ್ಕೇ ಇದೆ. ಬೆಳಿಗ್ಗೆ ಅಂಗಳ ಗುಡಿಸಲು ಬಾಗಿಲು ತೆಗೆದರೆ ಮೊದಲು ಕಾಣುವುದು ಅದು. ಇಷ್ಟು ವರ್ಷವಾಯಿತು, ಇನ್ನಾದರೂ ಬಿಟ್ಟುಬಿಡು ಎಂದು ನೆರೆಯವರು ಹೇಳುತ್ತಾರೆ. ಬಿಡುವುದಕ್ಕೆ ಅದೇನೂ ನಾನು ಹಿಡಿದುಕೊಂಡದ್ದಲ್ಲ.

ಸಮಿತಿ ಏನೂ ಮಾಡುತ್ತಿರಲಿಲ್ಲ ಎಂದರೆ ನನ್ನ ಬಾಯಲ್ಲಿ ಹುಳ ಬಿದ್ದಾವು. ಎರಡು ಸಾವಿರದ ಇಸವಿಯ ಆಚೀಚೆ ಅದು ರಾಣೆಬೆನ್ನೂರಿನ ನಮ್ಮ ಓಣಿಯಲ್ಲಿ ಹುಟ್ಟಿದಾಗಿನಿಂದ ವರ್ಷದುದ್ದಕ್ಕೂ ಏನಾದರೊಂದು ನಡೆದೇ ಇರುತ್ತಿತ್ತು. ಯುಗಾದಿಗೆ ಮನೆಮನೆಗೆ ಬೇವುಬೆಲ್ಲ. ಮುಂಗಾರಿಗೆ ಮುಂಚೆ ಗಟಾರದ ಹೂಳು ತೆಗೆಯುವುದು, ಮಳೆ ಬಿದ್ದ ಮೇಲೆ ಸಸಿ ನೆಡುವುದು. ಆಮೇಲೆ ಗಣಪತಿ, ಬನ್ನಿ ಹಬ್ಬ, ನವೆಂಬರಿನಲ್ಲಿ ಬಾವುಟ. ಶಿವರಾತ್ರಿ ಕಳೆದು ಬಿಸಿಲು ಏರಿದರೆ ದಾರಿಹೋಕರಿಗೆ ಅರವಟಿಗೆ. ಅದರ ಬೆನ್ನಿಗೇ ಹೋಳಿ ಹುಣ್ಣಿಮೆ. ಮಹಿಳಾ ಘಟಕವೂ ಇತ್ತು, ಅದರಲ್ಲಿ ನಾನೂ ಇದ್ದೆ. ಮಹಿಳಾ ಘಟಕ ಎಂದರೆ ರಂಗೋಲಿ ಹಾಕುವ, ಆರತಿ ಹಿಡಿಯುವ, ಸಭೆ ಮುಗಿಯುವ ಹೊತ್ತಿಗೆ ಚುರುಮುರಿ ಗಿರಮಿಟ್ಟು ಕಲಸಿಕೊಡುವ ಘಟಕ. ಮಾತಾಡುವುದು ನಮ್ಮ ಘಟಕದ ಕೆಲಸವಾಗಿರಲಿಲ್ಲ.

ನಮ್ಮೂರ ಹೋಳಿಯಲ್ಲಿ ಒಂದು ಪದ್ಧತಿ ಇದೆ. ಬೇರೆ ಊರುಗಳಲ್ಲಿ ಕಾಮ ಮತ್ತು ರತಿಯ ಗೊಂಬೆ ಕೂರಿಸಿದರೆ ನಾವು ಜೀವಂತ ಮನುಷ್ಯರನ್ನು ಕೂರಿಸುತ್ತೇವೆ. ಇಬ್ಬರೂ ಗಂಡಸರೇ. ಒಬ್ಬ ಕಾಮ, ಇನ್ನೊಬ್ಬ ಸೀರೆ ಉಟ್ಟು ರತಿ. ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಮಂಟಪದಲ್ಲಿ ಕೂತರೆ ಕಾಮದಹನದವರೆಗೆ ಅಲುಗಾಡಬಾರದು, ಮಾತಾಡಬಾರದು, ನಗಬಾರದು. ಎದುರಿಗೆ ನಿಂತವರು ಅವರನ್ನು ನಗಿಸಲು ಏನು ಬೇಕಾದರೂ ಹೇಳಬಹುದು. ನಗಿಸಿದವರಿಗೆ ಸಮಿತಿಯಿಂದ ಬಹುಮಾನದ ಲಕೋಟೆ.

ಕಾಮನ ವೇಷಕ್ಕೆ ವರ್ಷಕ್ಕೊಬ್ಬ ಬರುತ್ತಿದ್ದ. ರತಿಯಾಗಿ ಮಾತ್ರ ಪ್ರತಿವರ್ಷವೂ ನನ್ನ ಗಂಡನೇ. ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ನಮ್ಮದು ಹೊಲಿಗೆ ಅಂಗಡಿ. ಅವರು ಕತ್ತರಿಸಿ ಹೊಲಿಯುತ್ತಿದ್ದರು, ನಾನು ಕಾಜಾ ಗುಂಡಿ ಮಾಡುತ್ತಿದ್ದೆ. ಮದುವೆಯ ರೇಷ್ಮೆ ಸೀರೆಯನ್ನು ನಾನು ಉಟ್ಟದ್ದಕ್ಕಿಂತ ಅವರಿಗೆ ಉಡಿಸಿದ್ದೇ ಹೆಚ್ಚು. ನಿರಿಗೆ ಹಿಡಿಯುವಾಗ ನನಗೇ ನಗು ತಡೆಯಲಾಗುತ್ತಿರಲಿಲ್ಲ, ಅವರು ಮಾತ್ರ ಕನ್ನಡಿ ನೋಡುತ್ತ ಗಂಭೀರವಾಗಿ ನಿಂತಿರುತ್ತಿದ್ದರು. ಹಾವೇರಿಯಿಂದ, ಬ್ಯಾಡಗಿಯಿಂದ ಬಾಯಿಬಡುಕರು ಬಂದು ಗಂಟಲು ಹರಿದುಕೊಂಡರೂ ಅವರ ತುಟಿ ಅಲುಗುತ್ತಿರಲಿಲ್ಲ. ಅದೊಂದು ಅವರ ಹೆಮ್ಮೆ. ಬೇರೆ ಯಾವುದಕ್ಕೂ ಹೆಮ್ಮೆ ಪಟ್ಟ ಮನುಷ್ಯ ಅಲ್ಲ.

ನಮಗೆ ಮಕ್ಕಳಿರಲಿಲ್ಲ. ಮದುವೆಯಾಗಿ ಕೆಲವು ವರ್ಷವಾಗುವಷ್ಟರಲ್ಲಿ ನನ್ನ ಅತ್ತೆ ಕುಪ್ಪೇಲೂರಿನ ಸಂಬಂಧದಲ್ಲೊಂದು ಹುಡುಗಿ ನೋಡಿ ಬಂದಿದ್ದರು. ನನ್ನನ್ನು ಹೊರಗೆ ಹಾಕುತ್ತೇನೆ ಎಂದೇನೂ ಅನ್ನಲಿಲ್ಲ. "ಇಬ್ಬರೂ ಇರ್ರಿ, ಮನಿ ದೊಡ್ಡದೈತಿ" ಎಂದರು. ನನ್ನ ಗಂಡ ಆಗ ನನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ಅಲ್ಲಿ ಇಬ್ಬರಿಗೂ ತಪಾಸಣೆ ಆಯಿತು. ಅವರಲ್ಲಿ ಏನೂ ತೊಂದರೆ ಇಲ್ಲ, ಗರ್ಭ ನಿಲ್ಲದಿರುವುದು ನನ್ನ ಕಾರಣದಿಂದ ಎಂದು ಡಾಕ್ಟರು ಹೇಳಿದರು. ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಇವರು ತಾಯಿಗೆ, "ಯವ್ವಾ, ಕಸರು ನಂದೈತಂತ. ಇನ್ನೊಂದು ಹೆಣ್ಣು ತಂದ್ರೂ ಅಷ್ಟ" ಎಂದರು. ನನಗೆ ಬಾಯಿ ತೆಗೆಯಲು ಬಿಡಲಿಲ್ಲ.

ಅಂದಿನಿಂದ ಕುಪ್ಪೇಲೂರಿನ ಮಾತು ನಿಂತಿತು. ಅತ್ತೆ ಮಗನಿಗಾಗಿ ಅಮಾವಾಸ್ಯೆಗೊಮ್ಮೆ ಗಳಗನಾಥಕ್ಕೆ ಹೋಗಿ ಹೊಳೆಯಲ್ಲಿ ಮಿಂದು ಕಾಯಿ ಒಡೆಸಿ ಬರುತ್ತಿದ್ದರು. ಓಣಿಗೂ ಸುದ್ದಿ ಗೊತ್ತಾಯಿತು. ನಮ್ಮ ಓಣಿಯಲ್ಲಿ ಗೊತ್ತಾಗದೆ ಉಳಿಯುವುದು ಯಾವುದು? ನಿಜ ಮಾತ್ರ ನಾವಿಬ್ಬರೇ ಬಲ್ಲೆವು. ಅದು ಹೊರಬಿದ್ದರೆ ಆ ಮನೆಯಲ್ಲಿ ನನ್ನ ಜಾಗ ಏನಾಗುತ್ತದೆ ಎಂಬುದೂ ನಮ್ಮಿಬ್ಬರಿಗೆ ಗೊತ್ತಿತ್ತು.

ಇನ್ನು ಅರವಟಿಗೆಯ ಜಗಳ. ನಮ್ಮ ಓಣಿಯ ಹೆಂಗಸರಲ್ಲಿ ಬಹಳ ಮಂದಿ ಮೆಣಸಿನಕಾಯಿ ಸುಗ್ಗಿಯಲ್ಲಿ ಬ್ಯಾಡಗಿಗೆ ಹೋಗಿ ತುಂಬು, ಅಂದರೆ ಕಾಯಿಯ ತೊಟ್ಟು, ಮುರಿಯುವ ಕೆಲಸ ಮಾಡುತ್ತಿದ್ದರು. ಸಂಜೆ ಟೆಂಪೋ ಇಳಿಯುವ ಹೊತ್ತಿಗೆ ಅವರ ಕೈ ಮೊಣಕೈವರೆಗೆ ಉರಿಯುತ್ತಿರುತ್ತಿತ್ತು. ಟೆಂಪೋ ನಿಲ್ಲುವ ಮೂಲೆಯಲ್ಲೇ ನಮ್ಮ ಅರವಟಿಗೆ. ಅವರು ಮೊದಲು ಒಂದು ತಂಬಿಗೆ ನೀರು ಕೈಗೆ ಸುರಿದುಕೊಳ್ಳುತ್ತಿದ್ದರು, ಆಮೇಲೆ ಕುಡಿಯುತ್ತಿದ್ದರು. ಸಮಿತಿಯ ಅಧ್ಯಕ್ಷರಿಗೆ ಅದು ಸರಿ ಬರಲಿಲ್ಲ. ಕುಡಿಯುವ ನೀರಿನಲ್ಲಿ ಕೈ ತೊಳೆಯುತ್ತಾರೆ, ರಾಡಿ ಮಾಡುತ್ತಾರೆ, ಈ ವರ್ಷ ಅರವಟಿಗೆಯನ್ನು ಮೇನ್ ರೋಡಿಗೆ ತಮ್ಮ ಹೊಸ ಬಟ್ಟೆ-ಅರಿವೆ ಅಂಗಡಿಯ ಮುಂದೆ ಹಾಕೋಣ ಎಂದು ಸಭೆಯಲ್ಲಿ ಹೇಳಿದರು. ಈ ಅಧ್ಯಕ್ಷರು ಯಾರು? ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ ಇಟ್ಟವರು. ಆ ಹೆಂಗಸರ ಕೈ ಉರಿದದ್ದರಿಂದಲೇ ಇವರ ಅರಿವೆ ಅಂಗಡಿ ಎದ್ದದ್ದು.

ನನ್ನ ಗಂಡ ಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು. "ಸಾವ್ಕಾರ್ರ, ಖಾರದ ಕೈ ತೊಳೀದನ ನೀರು ಹೆಂಗ ಕುಡೀಬೇಕ್ರಿ? ನೀವು ಒಂದು ದಿನ ತುಂಬು ಮುರದು ಬಂದು ಕುಡದು ತೋರಸ್ರಿ" ಎಂದರು. ಹಿಂದೆ ಕೂತವರು ನಕ್ಕರು. ನಾನು ಗಿರಮಿಟ್ಟಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ನಾನೂ ನಕ್ಕೆ. ಅಧ್ಯಕ್ಷರ ಮುಖ ಕಪ್ಪಿಟ್ಟಿತು. ಅವರ ಹೆಂಡತಿಯ ತಮ್ಮನೇ ಸಮಿತಿಯ ಕಾರ್ಯದರ್ಶಿ. ಅವನು ಮಾತ್ರ ನನ್ನ ಗಂಡನ ಕಡೆ ನೋಡಿ, ಇರಲಿ ನೋಡಿಕೊಳ್ಳುತ್ತೇನೆ ಎಂಬಂತೆ ತಲೆ ಆಡಿಸಿದ.

ಅದೇ ವರ್ಷದ ಹೋಳಿಯ ಸಂಜೆ ಎಂದಿನಂತೆ ಸೀರೆ ಉಡಿಸಿದೆ, ಮುಖಕ್ಕೆ ಪೌಡರು ಮೆತ್ತಿದೆ, ಮೂಗುತಿ ಅಂಟಿಸಿದೆ. ಹಲಗಿ ಬಾರಿಸುತ್ತ ಬಂದು ಅವರನ್ನು ಮಂಟಪಕ್ಕೆ ಕರೆದೊಯ್ದರು. ಹೆಂಗಸರೆಲ್ಲ ಒಂದು ಕಡೆ ಜಮಖಾನೆಯ ಮೇಲೆ ಕೂತೆವು. ಒಬ್ಬೊಬ್ಬರಾಗಿ ಬಂದು ಮೈಕು ಹಿಡಿದು ನಗಿಸಲು ನೋಡಿದರು. ಪೋಲಿ ಮಾತು ಬಂದವು. ಹೋಳಿಯಲ್ಲಿ ಅದಕ್ಕೆ ಯಾರೂ ಮುಖ ಸಿಂಡರಿಸುವುದಿಲ್ಲ, ನಾನೂ ಹೊಟ್ಟೆ ಹಿಡಿದುಕೊಂಡು ನಗುವವಳೇ.

ಆಮೇಲೆ ಕಾರ್ಯದರ್ಶಿ ಬಂದ. ಮೈಕು ಹಿಡಿದು ರತಿಯ ಸುತ್ತ ಒಂದು ಸುತ್ತು ಹಾಕಿದ. "ರತಿದೇವಿ, ನಿಂದು ಇವತ್ತೊಂದ ದಿನದ ವೇಷ ಅಂತ ಊರಾಗ ತಿಳಕೊಂಡಾರ. ನಮ್ಮ ಓಣಿಯವ್ರಿಗೆ ಖರೇ ಗೊತ್ತೈತಿ. ಒಂದ ಮನ್ಯಾಗ ಇಬ್ಬರೂ ಹೆಂಗಸರ ಆದ್ರ ತೊಟ್ಟಿಲ ಹೆಂಗ ತೂಗಬೇಕು?" ಎಂದ. ಗಂಡಸರ ಕಡೆಯಿಂದ ಗೊಳ್ಳೆಂದು ನಗು ಎದ್ದಿತು. ರತಿ ಅಲುಗಲಿಲ್ಲ. ಅವನು ಅಲ್ಲಿಗೆ ಬಿಡಲಿಲ್ಲ. ನನ್ನ ಕಡೆ ಕೈ ಮಾಡಿ, "ಅಕ್ಕಾರ, ನೀವ ಹೇಳ್ರಿ, ಇಬ್ಬರೊಳಗ ಗಂಡಸು ಯಾರು?" ಎಂದ.

ಹೆಂಗಸರ ನಗು ನಿಂತಿತು. ಎಲ್ಲರೂ ನನ್ನ ಮುಖ ನೋಡಿದರು. ನನ್ನ ಗಂಡನ ಕಣ್ಣೂ ನನ್ನ ಕಡೆ ಹೊರಳಿತು. ಅಷ್ಟು ವರ್ಷದಲ್ಲಿ ಆ ಪೀಠದ ಮೇಲೆ ಕೂತು ಅವರ ಕಣ್ಣು ಹೊರಳಿದ್ದು ಅದೇ ಮೊದಲು. ನೋಡುನೋಡುತ್ತಿದ್ದಂತೆ ಪೌಡರಿನ ಮೇಲೆ ಒಂದು ಹನಿ ಇಳಿಯಿತು.

ಆಗ ಸಮಿತಿಯವರು ಏನು ಮಾಡಿದರು ಎಂದು ಹೇಳಿದರೆ ಹೊರಗಿನವರು ನಂಬುವುದಿಲ್ಲ. ಅವರು ಸಭೆ ಸೇರಿದರು. ಹೌದು, ಮಂಟಪದ ಪಕ್ಕದಲ್ಲೇ, ಖುರ್ಚಿ ಎಳೆದುಕೊಂಡು. ರತಿ ನಕ್ಕರೆ ಸೋಲು, ಆದರೆ ಅತ್ತರೆ? ಅದರ ಮೇಲೆ ಚರ್ಚೆ. ನಿಯಮದಲ್ಲಿ ನಗಬಾರದು ಎಂದಷ್ಟೇ ಇದೆ ಎಂದು ಒಬ್ಬರು, ಮುಖ ಬದಲಾಗಬಾರದು ಎಂಬುದೇ ಅದರ ಅರ್ಥ ಎಂದು ಇನ್ನೊಬ್ಬರು. ಹಿರಿಯರೊಬ್ಬರು ಕನ್ನಡಕ ಒರೆಸಿಕೊಂಡು ಹತ್ತಿರ ಹೋಗಿ ರತಿಯ ಕೆನ್ನೆ ನೋಡಿ ಬಂದರು, ಬೆವರೋ ಕಣ್ಣೀರೋ ಎಂದು. ಒಬ್ಬ ಮನುಷ್ಯನನ್ನು ಊರ ಮುಂದೆ ಕೂರಿಸಿ, ಅವನ ಮರ್ಯಾದೆ ತೆಗೆದು, ಅವನಿಗೆ ಮಾತಾಡುವ ಹಕ್ಕಿಲ್ಲದಾಗ ಅಳಿಸಿದ್ದು ತಪ್ಪು ಎಂದು ಅಷ್ಟು ಜನರಲ್ಲಿ ಒಬ್ಬರ ಬಾಯಿಂದಲೂ ಬರಲಿಲ್ಲ. ಕೊನೆಗೆ ಅಧ್ಯಕ್ಷರು ಮೈಕಿನಲ್ಲಿ, "ಅತ್ತರೂ ಸೋಲ ಅಂತ ಸಮಿತಿ ತೀರ್ಮಾನ ಮಾಡೇತಿ" ಎಂದು ಸಾರಿ ತಮ್ಮ ಬಾಮೈದನ ಕೈಗೇ ಲಕೋಟೆ ಕೊಟ್ಟರು. ಜನ ಚಪ್ಪಾಳೆ ಹೊಡೆದರು. ನನ್ನ ಗಂಡ ಹಾಗೆಯೇ ಕೂತಿದ್ದರು, ಕಾಮದಹನ ಇನ್ನೂ ಆಗಿರಲಿಲ್ಲವಲ್ಲ.

ನನಗೆ ಅವರ ಮೇಲೂ ಸಿಟ್ಟು ಬಂತು. ಎದ್ದು ಒಂದು ಬಾರಿಸಬಾರದೇ ಎನ್ನಿಸಿತು. ಎದ್ದದ್ದು ನಾನು. ಆ ಮಂಟಪದ ಮುಂದೆ ಹೆಂಗಸೊಬ್ಬಳು ಹೋದದ್ದೇ ಇರಲಿಲ್ಲ. ಅಧ್ಯಕ್ಷರು "ಏನ್ರಿ ಇದು, ಕುಂದರ್ರಿ" ಎಂದರು. "ಯಾರು ಬೇಕಾದ್ರೂ ಬರಬಹುದು ಅಂತ ನೀವ ಅಂದೀರಿ. ಈಗ ನನ್ನ ಪಾಳಿ" ಎಂದು ಮೈಕು ಕಿತ್ತುಕೊಂಡೆ.

ಏನು ಹೇಳಬೇಕೆಂದು ಯೋಚಿಸಿರಲಿಲ್ಲ. "ಹುಬ್ಬಳ್ಳ್ಯಾಗ ಡಾಕ್ಟರು ಇಬ್ಬರನ್ನೂ ನೋಡ್ಯಾರ. ಇವರಿಗೇನೂ ಆಗಿಲ್ಲ. ಮಕ್ಕಳಾಗೂದಿಲ್ಲ ಅಂದದ್ದು ನನಗ. ನನ್ನ ಮ್ಯಾಲ ಇನ್ನೊಬ್ಬಾಕಿ ಬರಬಾರ್ದು ಅಂತ ಇವರು ತಮ್ಮ ಹೆಸರಿಗೆ ಹಾಕ್ಕೊಂಡ್ರು. ನಿಮ್ಮೊಳಗ ಅಂಥಾ ಗಂಡಸು ಇದ್ರ ಎದ್ದು ನಿಂದ್ರಲಿ. ನಗೋರು ನನ್ನ ನೋಡಿ ನಗ್ರಿ, ನಾ ಇಲ್ಲೇ ಅದೇನಿ" ಎಂದೆ. ಯಾರೂ ನಗಲಿಲ್ಲ. ಹಿಂದೆ ಬಳೆಯ ಸದ್ದಾಯಿತು. ತಿರುಗಿದರೆ ರತಿ ಎದ್ದು ನಿಂತಿದ್ದರು. ನಿರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದು ಕೆಳಗೆ ಇಳಿದು ಬಂದು, "ನಡಿ ಮನೀಗೆ" ಎಂದರು.

ದಾರಿಯಲ್ಲಿ ಅವರ ಸಿಟ್ಟು ಹೊರಬಿತ್ತು. "ಇಷ್ಟು ವರ್ಷ ನಾ ಕಾಯ್ದದ್ದನ್ನ ಆ ಮಂದಿ ಮುಂದ ಒಗದ ಬಂದೆಲ್ಲ. ಒಂದು ಹನಿ ಕಣ್ಣೀರಿಗೆ ನಾ ಏನು ಸಾಯ್ತಿದ್ನೇನು?" ಎಂದರು. ನಾನೂ ಸುಮ್ಮನಿರಲಿಲ್ಲ. ಓಣಿಯ ನಡುವೆಯೇ ಇಬ್ಬರೂ ಜಗಳವಾಡಿಕೊಂಡು ಮನೆ ಸೇರಿದೆವು.

ಸಮಿತಿಯ ಧ್ವನಿವರ್ಧಕದ ಒಂದು ಕಹಳೆ ನಮ್ಮ ಎದುರಿನ ಕಂಬಕ್ಕೇ ಕಟ್ಟಿದ್ದರು. ಮೊಣಕಾಲು ನೋವೆಂದು ಮನೆಯಲ್ಲೇ ಉಳಿದಿದ್ದ ಅತ್ತೆ ಪ್ರತಿಯೊಂದು ಮಾತು ಕೇಳಿದ್ದರು. ನಾವು ಒಳಗೆ ಬಂದಾಗ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಮರುದಿನ ಓಣಿಯೆಲ್ಲ ಬಣ್ಣ ಆಡಿತು. ಅತ್ತೆ ನಾನು ಬಡಿಸಿದ್ದನ್ನು ಮುಟ್ಟಲಿಲ್ಲ, ತಾವೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದುಕೊಂಡರು. ಇನ್ನು ಕುಪ್ಪೇಲೂರಿನದೋ ಇನ್ನೊಂದು ಊರಿನದೋ ಮಾತು ಬಂದೇ ಬರುತ್ತದೆ ಎಂದುಕೊಂಡು ನಾನು ಟ್ರಂಕಿನಲ್ಲಿ ನನ್ನ ಸೀರೆಗಳನ್ನು ಬೇರೆ ಮಾಡಿಟ್ಟೆ. ಯಾರಾದರೂ ಹೊರಗೆ ಹಾಕುವ ಮೊದಲು ನಾನೇ ಹೋಗಬೇಕು ಎಂಬ ಹಟ.

ಗೋಡೆಗಳ ಬಣ್ಣ ಇನ್ನೂ ಮಾಸಿರಲಿಲ್ಲ, ಅಧ್ಯಕ್ಷರು ಮತ್ತು ಇನ್ನಿಬ್ಬರು ಮನೆಗೆ ಬಂದರು. ಕೈಯಲ್ಲಿ ಶಾಲು ಮತ್ತು ಲಕೋಟೆ. ಕ್ಷಮೆ ಕೇಳಲು ಬಂದಿರಬೇಕು ಎಂದುಕೊಂಡೆ. ಅಲ್ಲ. ಸಮಿತಿ ಮತ್ತೆ ಸಭೆ ಸೇರಿತ್ತಂತೆ. ರತಿ ಪೀಠ ಬಿಟ್ಟು ಎದ್ದದ್ದು ನನ್ನ ಮಾತಿಗೆ. ಎದ್ದರೂ ಸೋಲೇ. ಆದ್ದರಿಂದ ಎರಡನೆಯ ಬಹುಮಾನ ನನಗೆ ಸಲ್ಲಬೇಕಂತೆ. "ನಿಯಮ ಅಂದ್ರ ನಿಯಮರಿ" ಎಂದರು ಅಧ್ಯಕ್ಷರು, ಬಹಳ ದೊಡ್ಡ ಮನಸ್ಸು ಮಾಡಿದವರಂತೆ. ನನ್ನ ಗಂಡ ಅಂಗಡಿಯಲ್ಲಿದ್ದರು.

ಒಳಗಿನಿಂದ ಅತ್ತೆ ಗೋಡೆ ಹಿಡಿದುಕೊಂಡು ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತರು. "ನನ್ನ ಮಗನ್ನ ಅಳಿಸಿದಾವಗ ಒಂದು ಕೊಟ್ರಿ. ನನ್ನ ಸೊಸಿ ಮಾನಾ ಬಿಟ್ಟು ಮಾತಾಡಿದ್ದಕ್ಕ ಇನ್ನೊಂದು ತಂದೀರಿ. ಈ ಮನ್ಯಾಗ ಇನ್ನ ನಾ ಒಬ್ಬಾಕಿ ಉಳದೇನಿ ಸಾವ್ಕಾರ್ರ. ನನ್ನ ಏನು ಮಾಡಿ ಏನು ಕೊಡಾವ್ರಿದ್ದೀರಿ?" ಎಂದರು. ದನಿ ಏರಿಸಲಿಲ್ಲ. ಅಧ್ಯಕ್ಷರು ಶಾಲನ್ನು ಕಂಕುಳಿಗೆ ಸೇರಿಸಿಕೊಂಡು ಮೆಟ್ಟಿಲಿಳಿದರು. ಆ ಬೇಸಿಗೆ ಅರವಟಿಗೆಯನ್ನು ಅವರು ತಮ್ಮ ಅಂಗಡಿಯ ಮುಂದೆಯೇ ಹಾಕಿದರು, ನನ್ನ ಗಂಡ ಮತ್ತೆಂದೂ ರತಿಯಾಗಿ ಕೂರಲಿಲ್ಲ, ನಮ್ಮ ಓಣಿಯಲ್ಲಿ ಮಾತ್ರ ಈಗ ಗೊಂಬೆಗಳೇ.

ಅವರು ಹೋದ ಮೇಲೆ ಅತ್ತೆ ಬಾಗಿಲು ಮುಂದೆ ಮಾಡಿ ನನ್ನ ಕಡೆ ತಿರುಗಿದರು. ಕಣ್ಣು ಕೆಂಪಾಗಿದ್ದವು. "ನನಗ ಮದಲ ಹೇಳಿದ್ರ ಆ ಮೈಕು ನಾನ ಹಿಡೀತಿದ್ನೆಲ್ಲ" ಎಂದರು. ಅದು ಸುಳ್ಳು. ಮೊದಲೇ ಹೇಳಿದ್ದರೆ ಕುಪ್ಪೇಲೂರಿನ ಹುಡುಗಿ ಯಾವತ್ತೋ ಆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅದು ನನಗೆ ಗೊತ್ತಿತ್ತು, ಅವರಿಗೂ ಗೊತ್ತಿತ್ತು. "ಹೂಂ ಅತ್ತಿ, ತಪ್ಪಾತು" ಎಂದೆ. ಅವತ್ತು ಮಧ್ಯಾಹ್ನ ನಾನು ಬಡಿಸಿದ್ದನ್ನು ಅವರು ಉಂಡರು.