ಚಕ್ರದಡಿಯ ನಿಂಬೆಹಣ್ಣು

ಹಿಂಡಿದ ನಿಂಬೆಹಣ್ಣಿನ ವಾಸನೆಗೆ ಇಂಜಿನ್ ಆಯಿಲ್‌ನ ಕಮಟು ಬೆರೆತರೆ ಈಗಲೂ ನನ್ನ ಅಂಗೈ ತಣ್ಣಗಾಗುತ್ತದೆ. ಮೊನ್ನೆ ಚಾಮರಾಜನಗರದ ನನ್ನ ಮನೆಯ ಮುಂದೆ ಕಾರಿನ ಹಳೇ ಆಯಿಲ್ ಇಳಿಸುತ್ತಿದ್ದಾಗ ಪಕ್ಕದ ಮನೆಯಲ್ಲಿ ಯಾರೋ ಶರಬತ್ತಿಗೆ ಹಣ್ಣು ಕೊಯ್ದರು. ಸ್ಪ್ಯಾನರ್ ಕೆಳಗಿಟ್ಟು ಮೆಟ್ಟಿಲ ಮೇಲೆ ಕೂತುಬಿಟ್ಟೆ. ನಿಮಗೂ ಇಂಥದೊಂದು ವಾಸನೆ ಇರಬಹುದು. ಅದು ಬಂದಾಗ ಈಗಿಲ್ಲದ ಮನೆಯೊಂದರ ಬಾಗಿಲು ತೆರೆಯುತ್ತದೆ. ಒಳಗೆ ಕಾಲಿಡಲು ಧೈರ್ಯ ಸಾಲದು.

ನಮ್ಮದು ತೆರಕಣಾಂಬಿಯ ಮನೆ. ಮುಂದೆ ಅರಿಸಿನ ಬೇಯಿಸಿ ಒಣಗಿಸುವ ಅಂಗಳ. ಬೇಯಿಸಿದ ನೀರು ಹರಿದುಹೋಗಲೆಂದು ಅದು ಬೀದಿಯ ಕಡೆಗೆ ಇಳಿಜಾರಾಗಿತ್ತು. ಅಲ್ಲೇ, ಮೊದಲು ಎತ್ತಿನ ಗಾಡಿ ನಿಲ್ಲುತ್ತಿದ್ದ ಜಾಗದಲ್ಲಿ, ಚಿಕ್ಕಪ್ಪನ ಕೆಂಪು ಸ್ಪೋರ್ಟ್ಸ್ ಕಾರು ನಿಲ್ಲುತ್ತಿತ್ತು. ಊಟಿ ಕಡೆಯ ಟೀ ತೋಟದವರೊಬ್ಬರು ಓಡಿಸಿ ಸಾಕಾಗಿ ಕೊಟ್ಟಿದ್ದ, ಎರಡೇ ಬಾಗಿಲಿನ, ಹೊಟ್ಟೆ ನೆಲಕ್ಕೆ ತಾಗುವಂಥ ಗಾಡಿ. ಗುಂಡ್ಲುಪೇಟೆಯ ಮೆಕ್ಯಾನಿಕ್‌ಗಳು ಬಾನೆಟ್ ಎತ್ತಿ ನೋಡಿ, ನಮ್ಮ ಮನೆಯ ಟೀ ಕುಡಿದು, ಬಾನೆಟ್ ಮುಚ್ಚಿ ಹೋಗುತ್ತಿದ್ದರು. ಹಾಗಾಗಿ ಮುಂಗಾರಿಗೆ ಮೊದಲೊಮ್ಮೆ, ಮಳೆ ಕಳೆದು ಆಯುಧಪೂಜೆ ಬಂದಾಗ ಇನ್ನೊಮ್ಮೆ, ಚಿಕ್ಕಪ್ಪನೇ ಅದರ ಕೆಳಗೆ ಮಲಗುತ್ತಿದ್ದ. ಆಯಿಲ್ ಬದಲಿಸುತ್ತಿದ್ದ, ಬ್ರೇಕಿಗೆ ಹೊಕ್ಕ ಕೆಸರು ತೊಳೆಯುತ್ತಿದ್ದ, ಬ್ಯಾಟರಿಯ ತುದಿಗಳಿಗೆ ಗ್ರೀಸ್ ಸವರುತ್ತಿದ್ದ. ಬಿಚ್ಚಿದ ಚಕ್ರವನ್ನು ಗೋಡೆಗೆ ಒರಗಿಸುತ್ತಿರಲಿಲ್ಲ. ಕಾರಿನಡಿಗೆ ಅಡ್ಡ ಮಲಗಿಸಿ ತಳ್ಳುತ್ತಿದ್ದ. "ಜಾಕ್‌ನ ನಂಬ್ಬಾರ್ದು ಕಣಮ್ಮಿ. ಅದು ಮನೆ ಅಳಿಯ ಇದ್ದಂಗೆ, ಯಾವಾಗ್ ಮುನಿಸ್ಕತದೋ ಗೊತ್ತಾಗಲ್ಲ" ಎನ್ನುತ್ತಿದ್ದ.

ಆ ವರ್ಷದ ಹಬ್ಬದ ಬೆಳಗ್ಗೆ ಕಾರಿನ ಮೂತಿ ಮನೆಯ ಕಡೆಗಿತ್ತು. ಮುಂದಿನ ಎಡ ಚಕ್ರ ಬಿಚ್ಚಿ ಕೆಳಗೆ ತಳ್ಳಿ ಆಗಿತ್ತು. ಹ್ಯಾಂಡ್ ಬ್ರೇಕಿನ ತಂತಿ ಸಡಿಲಿಸಿದ್ದರಿಂದ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟಿದ್ದ. ಚಿಕ್ಕಪ್ಪ ಎದೆಯವರೆಗೆ ಕಾರಿನಡಿಯಲ್ಲಿ. ನಾನು ಜಗಲಿಯ ಮೇಲೆ ಚೆಂಡುಹೂ ಕಟ್ಟುತ್ತಿದ್ದೆ. ಅಜ್ಜಿ ಮಿಂದು ಪೂಜೆಯ ತಟ್ಟೆ ಹಿಡಿದು ಬಂದಳು.

"ಅಬ್ಬದ್ ದಿನ್ವೂ ಅದ್ರ ಒಟ್ಟೆ ಕೆಳ್ಗೇ ಬಿದ್ದಿದ್ದೀಯಲ್ಲ ಮಾದೇವ, ಎದ್ದು ಮೀಯೋಗ್ಲಾ."

"ಮೊದ್ಲು ಕಾರು ಮೀಯ್ಲಿ ಬುಡವ್ವ, ನಂದೇನು."

ಅಜ್ಜಿಯ ಲೆಕ್ಕದಲ್ಲಿ ಆಯುಧಪೂಜೆಯ ದಿನ ಗಾಡಿಯ ಚಕ್ರಕ್ಕೆ ಕಲ್ಲಿರಬಾರದು; ಇದ್ದರೆ ಮನೆಯ ನಡೆಯೇ ನಿಂತಂತೆ. ಮದುವೆಯಾಗಿ ಬಂದಾಗಿನಿಂದ ಅವಳು ಎತ್ತಿನ ಗಾಡಿಯ ಚಕ್ರದಿಂದ ಕಲ್ಲು ತೆಗೆದು ಆ ಜಾಗಕ್ಕೆ ನಿಂಬೆಹಣ್ಣು ಇಟ್ಟವಳು. ಎತ್ತು ಬಿಚ್ಚಿದ ಗಾಡಿ ನೊಗವನ್ನು ನೆಲಕ್ಕೂರಿ ನಿಲ್ಲುತ್ತದೆ, ಎಲ್ಲಿಗೂ ಹೋಗುವುದಿಲ್ಲ. ಅವಳು ಒಂದು ಕಲ್ಲನ್ನು ಕಾಲಿನಿಂದ ಸರಿಸಿ ಹಣ್ಣಿಟ್ಟಳು. ಇನ್ನೊಂದನ್ನು ಬಗ್ಗಿ ಎತ್ತಿಕೊಂಡಳು.

ನಾನು ನೋಡಿದ್ದು ಆ ಹಣ್ಣನ್ನು. ಯಾರೋ ಹೆಬ್ಬೆರಳಲ್ಲಿ ಒತ್ತುತ್ತಿರುವಂತೆ ಅದು ನಿಧಾನವಾಗಿ ಅಗಲವಾಯಿತು. ಸಿಪ್ಪೆ ಸೀಳಿತು. ಒಂದು ಬೀಜ ಹೊರಗೆ ಜಾರಿತು. ಕಾರು ಹಿಂದಕ್ಕೆ ಸರಿಯುತ್ತಿದೆ ಎಂದು ತಿಳಿಯುವಷ್ಟರಲ್ಲಿ ಜಾಕ್ ವಾಲಿ, ತೊಲೆ ಮುರಿದು ಬಿದ್ದಂಥ ಸದ್ದಾಯಿತು. ಆಮೇಲೆ ಏನೂ ಇಲ್ಲ. ಚಿಕ್ಕಪ್ಪನ ಕಾಲುಗಳು ಅಲುಗಲಿಲ್ಲ. ಕಾರಿನಡಿಯಿಂದ ಕಪ್ಪಗೆ ಏನೋ ಇಳಿಜಾರು ಹಿಡಿದು ಹರಿದುಬಂದು ಅಜ್ಜಿಯ ಬರಿಗಾಲನ್ನು ಮುಟ್ಟಿತು. ಅದು ಬಿಸಿ ಇಂಜಿನ್‌ನಿಂದ ಆಗಷ್ಟೇ ಇಳಿಸಿದ ಆಯಿಲ್ ಎಂದು ನನಗೆ ಗೊತ್ತಿತ್ತು. ಅಜ್ಜಿಗೆ ಗೊತ್ತಾದದ್ದು ಅದು ಬೆಚ್ಚಗಿದೆ ಎಂದಷ್ಟೇ.

"ಯಾರೂ ಗಾಡಿ ಮುಟ್ಬ್ಯಾಡಿ" ಎಂದು ಕೆಳಗಿನಿಂದ ಸಣ್ಣ ದನಿ ಬಂತು. "ಅಣ್ಣನ್ನ ಕರೀರಿ."

ಅಪ್ಪ ಹಿತ್ತಲಿಂದ ಓಡಿಬಂದ. ಕಾರು ಆ ಬಿಚ್ಚಿದ ಚಕ್ರದ ಮೇಲೆ ಕೂತಿತ್ತು. ಕಬ್ಬಿಣಕ್ಕೂ ಚಿಕ್ಕಪ್ಪನ ಎದೆಗೂ ನಡುವೆ ಅಂಗೈ ತೂರಿಸುವಷ್ಟು ಜಾಗ. ಚಕ್ರಕ್ಕೆ ಕೊಡಲು ಕಲ್ಲು ಬೇಕಿತ್ತು; ಅದು ಅಜ್ಜಿಯ ಕೈಯಲ್ಲಿತ್ತು, ಅಪ್ಪ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. ಹೊರಗೆಳೆದಾಗ ಚಿಕ್ಕಪ್ಪನ ಮುಖವೆಲ್ಲ ಆಯಿಲ್. "ನಿಂಬೆಣ್ಣು ಕಾರ್ಗ್ ಇಟ್ಯೋ, ನಂಗ್ ಇಟ್ಯೋ ಅವ್ವ?" ಎಂದ. ಸೇರಿದವರೆಲ್ಲ ನಕ್ಕರು. ಅವನೂ ನಕ್ಕ, ಆದರೆ ಹಲ್ಲು ಕಟಕಟಿಸುತ್ತಿತ್ತು. ಅಜ್ಜಿ ನಗಲಿಲ್ಲ. ಅಂದು ಅವಳು ಕಾಲು ತೊಳೆದುಕೊಳ್ಳಲೂ ಇಲ್ಲ. ನನ್ನ ಅವ್ವನೇ ಚೊಂಬಿನಲ್ಲಿ ನೀರು ತಂದು ಸೀಗೆಪುಡಿ ಹಾಕಿ ಉಜ್ಜಿದಳು.

ಆ ಮೇಲಿನ ಹಬ್ಬಗಳಲ್ಲಿ ಅಜ್ಜಿ ಹಣ್ಣುಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಜಗಲಿಯ ಮೇಲೆಯೇ ನಿಲ್ಲುತ್ತಿದ್ದಳು. "ಇಳಿಸ್ದೇನ್ಲಾ ಮಾದೇವ?" ಎಂದು ಕೇಳುವಳು. "ಇನ್ನೂ ಇಲ್ಲ ಕಣವ್ವ." ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಪ್ರಶ್ನೆ. ನಾಲ್ಕೂ ಚಕ್ರ ನೆಲಕ್ಕೂರಿ, ಚಿಕ್ಕಪ್ಪ ಎದ್ದು ನಿಂತು, "ಇಳಿಸ್ದೆ, ಬಾ" ಎಂದ ಮೇಲೆಯೇ ಅವಳು ಮೆಟ್ಟಿಲಿಳಿಯುತ್ತಿದ್ದದ್ದು.

ಅಜ್ಜಿ ಹೋದಳು, ಅಪ್ಪ ಹೋದ, ಚಿಕ್ಕಪ್ಪ ಕಾಯಿಲೆ ಬಿದ್ದು ಆಸ್ಪತ್ರೆಯ ಮಂಚದ ಮೇಲೆ ಹೋದ. ಮನೆ ಪಾಲಾಗಿ, ಅಂಗಳಕ್ಕೆ ಸಿಮೆಂಟು ಬಿದ್ದು ಇಳಿಜಾರೇ ಮುಚ್ಚಿಹೋಯಿತು. ಕಾರನ್ನು ಯಾರೂ ಕೇಳಲಿಲ್ಲ, ನನಗೆ ಬಂತು. ನನ್ನ ಮನೆಯ ಮುಂದಿನ ನೆಲ ಸಮವಾಗಿದೆ, ಜಾಕ್ ಗಟ್ಟಿಯಾಗಿದೆ. ಆದರೂ ಚಕ್ರ ಬಿಚ್ಚಿ ಕೆಳಗೆ ತಳ್ಳುತ್ತೇನೆ, ಕಲ್ಲುಗಳನ್ನು ಮುಟ್ಟಿ ಮುಟ್ಟಿ ನೋಡಿಯೇ ಕೆಳಗೆ ಸರಿಯುತ್ತೇನೆ. ಮೊನ್ನೆಯೂ ಹಾಗೆಯೇ ಮುಗಿಸಿ ಜಾಕ್ ಇಳಿಸಿದೆ. ಟೈರುಗಳು ನೆಲ ಮುಟ್ಟಿ ಕಾರು ಮೆಲ್ಲಗೆ ಕುಳಿತಿತು. ಯಾರೂ ಕೇಳಲಿಲ್ಲ. ನಾನು ಖಾಲಿ ಮೆಟ್ಟಿಲ ಕಡೆ ತಿರುಗಿ, ಪಕ್ಕದ ಮನೆಗೆ ಕೇಳಿಸದಷ್ಟು ಮೆಲ್ಲಗೆ ಹೇಳಿದೆ:

"ಇಳಿಸ್ದೆ ಅಜ್ಜಿ, ಬಾ."