ಸಾರ್ ಬಿದ್ದರೆ ಯಾರು ಮುಟ್ಟಬೇಕು?

ಹೋದ ತಿಂಗಳು ನನ್ನ ಸೊಸೆ ಒಬ್ಬ ಮನುಷ್ಯನ ಎರಡು ಪಕ್ಕೆಲುಬು ಮುರಿದಳು. ನನಗೆ ಹೆಮ್ಮೆಯಾಯಿತು.

ಆಂಧ್ರದ ದುವ್ವಾಡದ ಒಂದು ಬಟ್ಟೆ ಫ್ಯಾಕ್ಟರಿಯಲ್ಲಿ ನಮ್ಮದು ಕ್ಯಾಂಟೀನ್. ಅತ್ತೆಯಾದ ನಾನು ಕೂತು ತರಕಾರಿ ಹೆಚ್ಚುತ್ತೇನೆ, ಬೈಯುತ್ತೇನೆ. ಉಳಿದದ್ದೆಲ್ಲ ಸೊಸೆ ರೇಣುಕಾಳ ಕೆಲಸ. ಅಲ್ಲಿಗೆ ವಿಶಾಖಪಟ್ಟಣದಿಂದ ಒಬ್ಬ ನರ್ಸಮ್ಮ ಬಂದಳು. ಎದೆಬಡಿತ ನಿಂತವರ ಎದೆ ಒತ್ತಿ ಜೀವ ಹಿಡಿದಿಡುವುದನ್ನು ಕೆಲಸಗಾರರಿಗೆ ಕಲಿಸಲು. ಸಿಪಿಆರ್ ಅಂತೆ.

ಪಟ್ಟಿಯಲ್ಲಿ ಕ್ಯಾಂಟೀನಿನವರ ಹೆಸರಿರಲಿಲ್ಲ. (ಅನ್ನ ಬಡಿಸುವವರ ಎದುರು ಯಾರೂ ಬೀಳುವುದಿಲ್ಲವೇ?) ರೇಣುಕಾಳನ್ನು ಮುಂದೆ ತಳ್ಳಿಕೊಂಡು ಹೋಗಿ ಕೂತೆ. ಏಳಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ಮಧ್ಯಾಹ್ನದ ಊಟ ನಮ್ಮ ಕೈಯಲ್ಲೇ ತಾನೇ?

ನೆಲದ ಮೇಲೆ ರಬ್ಬರ್ ಗೊಂಬೆ. ಭುಜ ತಟ್ಟಿ ಜೋರಾಗಿ ಕರೆಯಿರಿ ಎಂದಳು ನರ್ಸಮ್ಮ. ಆಫೀಸಿನವರು ಹೇಗೆ ಕರೆದರು ಗೊತ್ತೇ? "ಸಾರ್... ಏಮಂಡಿ..." ಗೊಂಬೆಗೆ! ಕ್ಯಾಬಿನ್ ಬಾಗಿಲಲ್ಲಿ ರಜೆ ಕೇಳಲು ನಿಂತವರ ಹಾಗೆ. ಒತ್ತಿರಿ ಎಂದರೆ, ಗೊಂಬೆಗೆ ನೋವಾದೀತು ಎಂಬಂತೆ ಬೆರಳ ತುದಿಯಲ್ಲಿ ಒತ್ತಿದರು.

ರೇಣುಕಾ ಮಂಡಿಯೂರಿದಳು. ದಿನಾ ಮುನ್ನೂರು ಚಪಾತಿಯ ಹಿಟ್ಟನ್ನು ನೆಲದಲ್ಲಿ ಪರಾತ ಇಟ್ಟುಕೊಂಡು ನಾದುವವಳು. ಮೊಣಕೈ ಬಾಗಲಿಲ್ಲ. ಮೈಭಾರವೆಲ್ಲ ಅಂಗೈಗೆ ಬಂತು. ಗೊಂಬೆಯ ಎದೆ ಎರಡು ಇಂಚು ಇಳಿಯಿತು, ಎದ್ದಿತು, ಇಳಿಯಿತು. ಹೀಗೆ ಒತ್ತಬೇಕು ಎಂದು ನರ್ಸಮ್ಮ ಇವಳನ್ನೇ ತೋರಿಸಿದಳು. ಉಳಿದವರಿಂದಲೂ ಬೆವರಿಳಿಯುವ ತನಕ ಒತ್ತಿಸಿದಳು.

ಹತ್ತು ದಿನ ಕಳೆದಿರಲಿಲ್ಲ. ಊಟದ ಹೊತ್ತಲ್ಲಿ ಮ್ಯಾನೇಜರ್ ರಾವ್ ಗಾರು ತಟ್ಟೆ ಸಮೇತ ಕುಸಿದರು.

ಸುತ್ತ ನಿಂತವರೆಲ್ಲ ಸಿಪಿಆರ್ ಕಲಿತವರೇ. "ಸಾರ್, ಸಾರ್" ಎನ್ನುತ್ತಾರೆ, ಮುಟ್ಟುವುದಿಲ್ಲ. ಮ್ಯಾನೇಜರ್ ಅಲ್ಲವೇ? ಒಬ್ಬ ನೀರು ಕುಡಿಸಲು ಬಂದ. ಚಪಾತಿ ಲಟ್ಟಿಸುತ್ತಿದ್ದ ರೇಣುಕಾ ಓಡಿಬಂದು ಲೋಟ ತಳ್ಳಿದಳು. ಭುಜ ಬಡಿದು ಕರೆದಳು. ಉತ್ತರವಿಲ್ಲ, ಉಸಿರಿಲ್ಲ. ಆಂಬುಲೆನ್ಸಿಗೆ ಫೋನ್ ಮಾಡಲು ಅಕೌಂಟ್ಸಿನ ಪ್ರಸಾದನಿಗೆ ಹೇಳಿ, ಹಿಟ್ಟಿನ ಕೈಯನ್ನು ಆ ಬಿಳಿ ಅಂಗಿಯ ಮೇಲಿಟ್ಟು ಶುರು ಮಾಡಿದಳು.

ಟಕ್ ಎಂದಿತು. ಎಲುಬು. ಸಾಕು ಬಿಡಮ್ಮಾ ಎಂದರು ಯಾರೋ. ಅವಳು ನನ್ನ ಮುಖ ನೋಡಿದಳು.

"ನಿಲ್ಲಸಬ್ಯಾಡ. ಒತ್ತು," ಎಂದೆ.

ಅವಳ ತೋಳು ಸೋತಾಗ ಪ್ರಸಾದ ಮಂಡಿಯೂರಿದ. ಅವನು ಸೋತಾಗ ಇನ್ನೊಬ್ಬ. ಈ ಸಲ ಯಾರೂ ಬೆರಳ ತುದಿಯಲ್ಲಿ ಒತ್ತಲಿಲ್ಲ. ಆಂಬುಲೆನ್ಸಿನವರು ಬರುವ ತನಕ ಕೈ ನಿಲ್ಲಲಿಲ್ಲ.

ರಾವ್ ಗಾರು ಬದುಕಿದ್ದಾರೆ. ನೋಡಲು ಹೋದಾಗ, ನನ್ನನ್ನೇನು ಚಪಾತಿ ಹಿಟ್ಟು ಅಂದುಕೊಂಡೆಯಾ ಎಂದು ಪಕ್ಕೆ ಹಿಡಿದುಕೊಂಡೇ ತೆಲುಗಿನಲ್ಲಿ ಸೊಸೆಯನ್ನು ಕೇಳಿದರು. ಅವರ ಹೆಂಡತಿ ರೇಣುಕಾಳ ಕೈ ಹಿಡಿದವರು ನಾವು ಏಳುವ ತನಕ ಬಿಡಲಿಲ್ಲ.

ಇಷ್ಟಕ್ಕೇ ಮುಗಿಯಲಿಲ್ಲ. ಯಾರೋ ತೆಗೆದ ವಿಡಿಯೋ ನಮ್ಮೂರು ಗದಗಕ್ಕೂ ಹೋಯಿತು. ನನ್ನ ತಮ್ಮನ ಫೋನ್ ಬಂತು.

"ಅಕ್ಕಾ, ಅಷ್ಟು ಮಂದಿ ಮುಂದ ಪರಗಂಡಸಿನ ಎದಿ ಮ್ಯಾಲೆ ಕೈ ಇಡೂದು ನಮ್ಮ ಮನಿ ಸೊಸಿಗೆ ಚಂದ ಕಾಣಸ್ತದೇನು?"

"ನಿನ್ನ ಎದಿ ನಿಂತ ದಿನ, ಗಂಡಸರು ಬರೂ ತನಕ ಕಾಯ್ತೀಯೇನಪಾ?"