ಸುಣ್ಣದ ಭಟ್ಟಿಗೆ ಬಿದ್ದ ನೋಟುಬುಕ್ಕು

ನನ್ನ ತಮ್ಮನ ಎಡಗಣ್ಣು ಹೋದದ್ದು ನನ್ನ ಕೈಯಿಂದ. ಊರಿನಲ್ಲಿ ಅದನ್ನು ಅಕಸ್ಮಾತ್ ಎನ್ನುತ್ತಾರೆ. ನಾನು ಓದಿದ್ದು ಎರಡನೇ ಇಯತ್ತೆ. ಅಘನಾಶಿನಿ ಹೊಳೆಯಲ್ಲಿ ಬಳಚು ಹೆಕ್ಕಿ, ಒಳಗಿನ ಮಾಂಸ ತೆಗೆದು, ಚಿಪ್ಪು ಸುಟ್ಟು ಸುಣ್ಣ ಮಾಡಿಯೇ ಮುದುಕಿಯಾದವಳು. ಸುಟ್ಟ ಚಿಪ್ಪಿನ ಮೇಲೆ ನೀರು ಬಿದ್ದರೆ ಏನಾಗುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮಗಳು ಆಗ ದೊಡ್ಡ ಊರಿನಲ್ಲಿ ಸಂಶೋಧನೆ ಮಾಡುತ್ತಿದ್ದಳು. ರಸಾಯನವೂ ಭೌತವೂ ಸೇರಿದ ವಿದ್ಯೆ, ಆದರೆ ಗಾಜಿನ ಬುರುಡೆಯಿಲ್ಲ, ಬೆಂಕಿಯಿಲ್ಲ, ಬರೀ ಕಾಗದ ಮತ್ತು ಪೆನ್ನು. ನೀರಿನ ಅತಿ ಸಣ್ಣ ಕಣ ಪಕ್ಕದ ಕಣವನ್ನು ಹೇಗೆ ಹಿಡಿಯುತ್ತದೆ, ಹೇಗೆ ಬಿಡುತ್ತದೆ ಎಂಬ ಲೆಕ್ಕ. ಮೂರು ವರ್ಷದ ಲೆಕ್ಕವೆಲ್ಲ ಒಂದು ದಪ್ಪ ನೋಟುಬುಕ್ಕಿನಲ್ಲಿತ್ತು. ಅದನ್ನು ತಿಂಗಳೊಳಗೆ ಗುರುಗಳಿಗೆ ಒಪ್ಪಿಸದಿದ್ದರೆ ಅವಳ ಜಾಗ ಹೋಗುತ್ತಿತ್ತು.

ರಜೆಗೆ ಬಂದವಳಿಗೆ ನನ್ನ ತಮ್ಮ ಹೊನ್ನಾವರದ ಬೋಟಿನವನೊಬ್ಬನನ್ನು ಮದುವೆಗೆ ಗೊತ್ತುಮಾಡಿ ಮಾತು ಕೊಟ್ಟಿದ್ದ. ಅವಳು ಒಲ್ಲೆ ಎಂದಳು. ಭಟ್ಟಿಯ ಹತ್ತಿರ, ಕೆಲಸದ ಹೆಂಗಸರೆಲ್ಲರ ಎದುರು, ನನ್ನ ತಮ್ಮ ಅವಳ ಕೆನ್ನೆಗೆ ಬಾರಿಸಿದ. ತುಟಿ ಒಡೆಯಿತು. ಅವಳು ರಕ್ತ ಉಗಿದಳು.

"ಇನ್ನೊಂದು ಹೊಡಿ ಮಾವ. ಲೆಕ್ಕ ಮುಗಿಯೂ ತನಕ ಮದುವೆ ಇಲ್ಲ."

"ನೀರಿನ ಲೆಕ್ಕವಾ? ಹೊಳೆ ತುಂಬ ಬಿದ್ಕಂಡದೆ, ಕೂತು ಎಣ್ಸು."

ಅವಳ ಕಂಕುಳಿನಿಂದ ಪುಸ್ತಕ ಕಿತ್ತು ಭಟ್ಟಿಯ ಮೇಲೆ ಎಸೆದ. ಅವಳು ಕೈ ಹಾಕಲು ಹೋದಳು. ಜಡೆ ಹಿಡಿದು ನೆಲಕ್ಕೆ ಕೆಡವಿ ಬೆನ್ನ ಮೇಲೆ ಕಾಲಿಟ್ಟ. ಕಾಲು ತೆಗೆಯದೆಯೇ ಬಗ್ಗಿ, ಕೋಲಿನಿಂದ ಪುಸ್ತಕವನ್ನು ಕೆಂಡದೊಳಕ್ಕೆ ತಳ್ಳತೊಡಗಿದ.

ನನ್ನ ಪಕ್ಕದಲ್ಲಿ ಬಳಚು ತೊಳೆಯುವ ನೀರಿನ ಕೊಡವಿತ್ತು.

"ಅಕ್ಕ, ನೀರು ಬೇಡ" ಎಂದು ಯಾರೋ ಅಂದರು. ಕೇಳಿಸಿತು. ಕೊಡ ಎತ್ತಿ ಸುರಿದೆ.

ಸುಣ್ಣ ಕುದಿದು ಸಿಡಿಯಿತು. ಬಗ್ಗಿದ್ದ ಅವನ ಮುಖಕ್ಕೇ ಹೊಡೆಯಿತು. ಮುಖ ಬೆಳ್ಳಗಾಗಿ, ಅವನು ಕೊಯ್ದ ಕೋಳಿಯಂತೆ ಹೊರಳಾಡಿದ. ಹೆಂಗಸರು ಹೊಳೆಗೆ ಎಳೆದೊಯ್ದು ಕಣ್ಣಿಗೆ ನೀರು ಹೊಯ್ದು, ಆಮೇಲೆ ಕುಮಟೆಯ ಆಸ್ಪತ್ರೆಗೆ ಸಾಗಿಸಿದರು. ನನ್ನ ಕುತ್ತಿಗೆಯ ಚರ್ಮ ಸುಲಿದು ಕೈಗೆ ಬಂತು. ಮಣ್ಣಿಗೆ ಮುಖವಾಗಿ ಬಿದ್ದಿದ್ದ ಮಗಳಿಗೆ ಅಷ್ಟು ತಾಗಲಿಲ್ಲ. ಪುಸ್ತಕದಲ್ಲಿ ಉಳಿದದ್ದು ಒಂದು ರಟ್ಟು.

ಮರುದಿನ ಅವಳು ಬಾತ ತುಟಿ ಹೊತ್ತುಕೊಂಡು ಅಡುಗೆಮನೆಯಲ್ಲಿ ಕೂತು ನೆನಪಿನಿಂದ ಬರೆಯತೊಡಗಿದಳು. ಎರಡು ವಾರವಾದ ಮೇಲೆ ಒಮ್ಮೆ ಪೆನ್ನು ಕೆಳಗಿಟ್ಟಳು.

"ಆಯಿ, ಸುಟ್ಟು ಹೋದ ಲೆಕ್ಕ ತಪ್ಪಾಗಿತ್ತು."

"ಎಂತ ತಪ್ಪು?"

"ಕಣ ನಿಧಾನ ತಿರುಗ್ತದೆ ಅಂದ್ಕಂಡಿದ್ದೆ. ಅಲ್ಲ. ಒಂದ್ರ ಕೈ ಬಿಟ್ಟು ಥಟ್ಟನೆ ಇನ್ನೊಂದ್ರ ಕೈ ಹಿಡಿತದೆ."

"ಜಾತ್ರೆ ನೂಕಾಟವಾ?"

"ನೂಕಾಟವೇ."

"ಆತು, ಹಾಂಗೇ ಬರಿ."

ತಿಂಗಳು ಮುಗಿಯುವ ಮೊದಲು ಒಪ್ಪಿಸಿದಳು. ಆ ಹೊಸ ಲೆಕ್ಕವೇ ಸರಿಯೆಂದು ನಿಂತಿತು. ಈಗ ಅವಳು ಪ್ರೊಫೆಸರ್. ಯಾವ ಯಾವುದೋ ದೇಶದವರು ತಮ್ಮ ಲೇಖನದ ಕೊನೆಗೆ ಅವಳ ಹೆಸರು ಹಾಕುತ್ತಾರಂತೆ. ಔಷಧಿಯವರು, ಬ್ಯಾಟರಿಯವರು ಕೂಡ ಅವಳು ಮಾಡಿದ ದಾರಿಯಲ್ಲೇ ಲೆಕ್ಕ ಹಾಕುತ್ತಾರಂತೆ. ಒಬ್ಬ ಮಾತ್ರ ಅದು ಸುಳ್ಳೆಂದು ವರ್ಷಗಟ್ಟಲೆ ಬರೆದ. ಇವಳೂ ಬಿಡದೆ ಬರೆದಳು. ಅವನು ಸುಮ್ಮನಾದ.

ಹೋದ ವರ್ಷ ಅವಳು ಬಂದಾಗ ನನ್ನ ತಮ್ಮನೂ ಬಳಚಿನ ಸಾರು ಉಣ್ಣಲು ಬಂದಿದ್ದ.

"ನಾ ಸುಡದಿದ್ರೆ ನಿಂಗೆ ತಪ್ಪು ಸಿಕ್ತಿತ್ತನೆ? ನನ್ನ ಹೆಸ್ರೂ ಹಾಕು."

"ಹಾಕ್ತೆ ಮಾವ. ಕಣ್ಣು ಕೊಟ್ಟವ್ರು ಅಂತ."

ಇಬ್ಬರೂ ನಕ್ಕರು. ನಗು ನಿಂತ ಮೇಲೆ ಅವಳು ನನ್ನತ್ತ ತಿರುಗಿದಳು.

"ಆಯಿ, ಅವತ್ತು ನೀರು ಎಂತಕ್ಕೆ ಹೊಯ್ದೆ? ಪುಸ್ತಕ ಉಳಿಸೂಕಾ?"

ತಮ್ಮ ತುತ್ತು ಕೈಯಲ್ಲೇ ಹಿಡಿದು, ಇದ್ದ ಒಂದು ಕಣ್ಣಿನಿಂದ ನನ್ನನ್ನು ನೋಡಿದ.

"ಪುಸ್ತಕ ಸುಟ್ಟು ಆಗಿತ್ತು," ಎಂದೆ. "ನಿನ್ನ ಬೆನ್ನ ಮೇಲೆ ಅವನ ಕಾಲಿತ್ತು."

ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದೆ. ಅವನು ಉಂಡ.